ಹರಿತ ಅಂತ ಹೆಸರು ಬಿದ್ದವನು

ನಮ್ಮ ಬಾಜಿ ಕಂಪನಿಗೆ ಗೆಲ್ಲುವವರು ಬೇಡ. ಇದೇನು ಗುಟ್ಟಲ್ಲ, ಡಾರ್ವಿನ್‌ನಲ್ಲಿ ಮೀನು ಮಾರುವವನಿಗೂ ಗೊತ್ತಿರುವ ಸಂಗತಿ. ದೊಡ್ಡ ಬಾಜಿ ಬಂದರೆ ಕಂಪ್ಯೂಟರ್ ಅದನ್ನು ತಡೆದು ನಮ್ಮ ಪರದೆಗೆ ತಳ್ಳುತ್ತದೆ. ಒಪ್ಪು, ಕತ್ತರಿಸು, ಬೇಡ ಅಂತ ಮೂರು ಗುಂಡಿ. ಒತ್ತುವ ಮೊದಲು ನಾವು ನೋಡುವುದು ಆಸಾಮಿ ಯಾರು ಅನ್ನುವುದನ್ನು. ಗೆದ್ದರೆ ನಾವು ಕೊಡುವ ದರ ಬೀಳುವ ಮುಂಚೆಯೇ ಬಂದು ಕಟ್ಟುವವನು, ಯಾರಿಗೂ ಬೇಡದ ಸಣ್ಣ ಪಂದ್ಯ ಹುಡುಕಿ ಕಟ್ಟುವವನು ಹರಿತ. ಅವನ ಬಾಜಿಯನ್ನು ಕತ್ತರಿಸಿ ಕತ್ತರಿಸಿ ಒಂದು ಕಾಫಿಯ ಬೆಲೆಗೆ ತರುತ್ತೇವೆ. ತನ್ನ ಮೆಚ್ಚಿನ ತಂಡವೆಂದು ಕಟ್ಟುವವನು, ಬಿಯರ್ ಕುಡಿದು ಕಟ್ಟುವವನು, ಸೋತದ್ದನ್ನು ಅದೇ ಸಂಜೆ ವಾಪಸು ತರುತ್ತೇನೆಂದು ಕಟ್ಟುವವನು ಮೊಂಡು. ಅವನು ಎಷ್ಟು ಕಟ್ಟಿದರೂ ಒಪ್ಪು. ಹುಟ್ಟುಹಬ್ಬಕ್ಕೆ ಫೋನ್ ಮಾಡಿ ಹಾಡು ಬೇರೆ ಹೇಳುತ್ತೇವೆ.

ನಾನು ಮೊದಲು ಕುದುರೆ ಮೈದಾನದಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ಬಿಸಿಲಲ್ಲಿ ನಿಂತು ಬಾಜಿ ತೆಗೆದುಕೊಳ್ಳುತ್ತಿದ್ದವನು. ಜಾಣ ಬಂದರೂ ದಡ್ಡ ಬಂದರೂ ಕೈಚಾಚಿದವರ ದುಡ್ಡನ್ನು ತೆಗೆದುಕೊಳ್ಳಲೇಬೇಕಿತ್ತು, ಎಷ್ಟೋ ಸಲ ಬರಿಗೈಯಲ್ಲಿ ಮನೆಗೆ ಹೋಗಿದ್ದೇನೆ. ಈಗ ಏರ್‌ಕಂಡಿಷನ್ ಕೆಳಗೆ ಕೂತು, ಸೋಲುವವರನ್ನೇ ಆರಿಸಿ ಆರಿಸಿ ಒಳಗೆ ಬಿಡುತ್ತೇನೆ. ಥೂ, ಇದೂ ಒಂದು ಕೆಲಸವೇ ಅಂತ ದಿನಾ ಬೈದುಕೊಳ್ಳುತ್ತೇನೆ, ದಿನಾ ಬರುತ್ತೇನೆ.

ನನ್ನ ಪಕ್ಕದ ಕುರ್ಚಿ ಸೆವಸ್ತಿಯದು. ಕಲಿಮ್ನೋಸ್ ದ್ವೀಪದಿಂದ ಬಂದ ಗ್ರೀಕರ ಮಗಳು, ಮಾತು ಕಮ್ಮಿ, ನಮ್ಮ ಕೋಣೆಯಲ್ಲಿ ಅವಳಷ್ಟು ಚೆನ್ನಾಗಿ ಆಳನ್ನು ಅಳೆಯುವವರು ಇನ್ನೊಬ್ಬರಿಲ್ಲ. ಅವಳ ತಮ್ಮ ಪಂಟೆಲಿಸ್ ಮನೆಗಳಿಗೆ ಟೈಲ್ಸ್ ಹಾಕುವವನು. ನಮ್ಮ ಪುಸ್ತಕದಲ್ಲಿ ಅವನಿಗಿಂತ ಮೊಂಡು ಯಾರೂ ಇರಲಿಲ್ಲ. ಸಂಬಂಧಿಕರ ಖಾತೆಯನ್ನು ಮುಟ್ಟಬಾರದೆಂದು ನಿಯಮವೇನೋ ಇದೆ, ಆದರೆ ಈ ಊರಿನಲ್ಲಿ ಅದನ್ನು ಪಾಲಿಸಹೊರಟರೆ ನಮ್ಮ ಕುರ್ಚಿಗಳಲ್ಲಿ ಕೂರಲು ಜನವೇ ಸಿಗುವುದಿಲ್ಲ. ಪ್ರತಿ ಶನಿವಾರ ತಮ್ಮನ ಹೆಸರು ಪರದೆಗೆ ಬರುತ್ತಿತ್ತು, ಅಕ್ಕ ಹಲ್ಲುಕಚ್ಚಿ ಒಪ್ಪು ಒತ್ತುತ್ತಿದ್ದಳು. ಅವನ ಹೆಂಡತಿ ಕಾಡಿ ಬೇಡಿ ಸಾಕಾಗಿ ಮಗುವನ್ನು ಎತ್ತಿಕೊಂಡು ಅಡಿಲೇಡ್‌ಗೆ ಹೊರಟುಹೋದಳು. ಅದಾದ ಮೇಲಿನ ಶನಿವಾರವೂ ಅವನ ಬಾಜಿ ಬಂತು, ಹಿಂದಿನದಕ್ಕಿಂತ ದೊಡ್ಡದು.

"ಡೆಸ್, ಸ್ವಲ್ಪ ಆ ಕಡೆ ನೋಡು," ಅಂದಳು ಸೆವಸ್ತಿ.

"ಯಾಕೆ? ಏನ್ ಮಾಡ್ತಿದ್ಯಾ?"

"ಇವನನ್ನ ಹರಿತ ಅಂತ ಗುರುತು ಹಾಕ್ತಿದ್ದೀನಿ."

"ಪಂಟೆಲಿಸ್‌ನನ್ನಾ? ಅವನಿಗಿಂತ ನಮ್ಮನೆ ನಾಯಿ ಚೆನ್ನಾಗಿ ಬಾಜಿ ಕಟ್ಟುತ್ತೆ ಕಣೇ!"

"ಗೊತ್ತು. ಬೇರೆ ದಾರಿ ಇದ್ರೆ ಹೇಳು ಮತ್ತೆ."

ಬೇರೆ ದಾರಿ ಇರಲಿಲ್ಲ. ಖಾತೆ ಮುಚ್ಚಿ ಅಂತ ಅವನೇ ಬಾಯಿಬಿಟ್ಟು ಕೇಳಬೇಕು, ಅವನು ಕೇಳುವ ಪೈಕಿ ಅಲ್ಲ. ಸೋಲುತ್ತಿದ್ದಾನೆಂಬ ಕಾರಣಕ್ಕೆ ಒಬ್ಬನನ್ನು ತಡೆಯಲು ನಮ್ಮಲ್ಲಿ ಗುಂಡಿಯೇ ಇಲ್ಲ. ಅವಳು ಗುರುತು ಬದಲಿಸಿದಳು, ಕತ್ತರಿಸು ಒತ್ತಿದಳು, ಅವನ ದೊಡ್ಡ ಬಾಜಿ ನಾಲ್ಕು ಡಾಲರಿಗೆ ಇಳಿಯಿತು. ಆಮೇಲೆ ಕುರ್ಚಿಗೆ ಒರಗಿ ಉಸಿರುಬಿಟ್ಟಳು. ಅವಳ ಮುಖ ಅಷ್ಟು ಹಗುರಾದದ್ದನ್ನು ನಾನು ನೋಡಿಯೇ ಇರಲಿಲ್ಲ, ನನಗೂ ಖುಷಿಯಾಯಿತು. ಇಬ್ಬರಿಗೂ ಆ ಕ್ಷಣ ತೋಚದೆಹೋದ ವಿಷಯವೊಂದಿತ್ತು. ಇಡೀ ಊರಿಗೆ ಗೊತ್ತಿದ್ದದ್ದು ಪಂಟೆಲಿಸ್‌ಗೂ ಗೊತ್ತಿತ್ತು.

ಮಾರನೆಯ ದಿನ ಭಾನುವಾರ ಅವರ ತಾಯಿಯ ಮನೆಯಲ್ಲಿ ನನಗೂ ಊಟ. ಕಿರಿಯಾ ಕಲಿಯೋಪಿ ಎಂದೇ ನಾವೆಲ್ಲ ಕರೆಯುವುದು, ಗ್ರೀಕರಲ್ಲಿ ದೊಡ್ಡ ಹೆಂಗಸರಿಗೆ ಹಾಗೆ ಮರ್ಯಾದೆ ಕೊಡಬೇಕು. ಚಂಡಮಾರುತ ಊರನ್ನು ಗುಡಿಸಿಹಾಕಿದ ಮೇಲೆ ಅವರ ಗಂಡ ತಾನೇ ಸಿಮೆಂಟ್ ಕಲಸಿ ಕಟ್ಟಿದ ಮನೆ ಅದು, ನೈಟ್‌ಕ್ಲಿಫ್‌ನಲ್ಲಿ, ಸಮುದ್ರದ ಗಾಳಿ ಬೀಸುವ ಕಡೆಗೆ. ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ ಬಡಿಸುವಷ್ಟರಲ್ಲಿ ಪಂಟೆಲಿಸ್ ಬಂದ. ಹೆಂಡತಿ ಬಿಟ್ಟುಹೋದವನ ಮುಖ ಅದಾಗಿರಲಿಲ್ಲ. ಫೋನನ್ನು ತಟ್ಟೆಗಳ ನಡುವೆ ಇಟ್ಟು ಕೈಕಟ್ಟಿ ನಿಂತ.

"ಓದಮ್ಮಾ. ಡೆಸ್, ನೀನೇ ಓದಿ ಹೇಳಪ್ಪ. ನಿಮ್ಮ ಕಂಪನಿದೇ."

'ನಿಮ್ಮ ಖಾತೆಯ ಮೇಲೆ ಮಿತಿ ಹೇರಲಾಗಿದೆ' ಎಂದು ಒಂದೇ ಸಾಲು ಇತ್ತು.

"ಅಂದ್ರೇನೋ?" ಅಂದರು ತಾಯಿ.

"ಅಂದ್ರೆ ನನ್ನ ಕಂಡ್ರೆ ಅವರಿಗೆ ಚಡ್ಡಿ ಒದ್ದೆ ಅಂತ! ಗೆಲ್ಲೋರಿಗೆ ಮಾತ್ರ ಮಿತಿ ಹಾಕೋದು, ಕೇಳು ಇವರನ್ನ. ಎಲ್ಲರೂ ಹುಚ್ಚ ಅಂದ್ರಲ್ಲ ನನ್ನ? ನನ್ನ ದಾರಿ ಸರಿಯಾಗೇ ಇತ್ತು. ಇದುವರೆಗೂ ಅದೃಷ್ಟ ಕೈಕೊಡ್ತಿತ್ತು, ಅಷ್ಟೇ."

ಕಿರಿಯಾ ಕಲಿಯೋಪಿ ಎದ್ದು ಮಗನ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತರು. ಸೆವಸ್ತಿ ಮುಳ್ಳುಚಮಚ ಕೆಳಗಿಟ್ಟಳು.

"ಪಂಟೆಲಿ, ಅದನ್ನ ಹಾಕಿದ್ದು ನಾನು. ನೀನು ಗೆಲ್ತೀಯ ಅಂತಲ್ಲ. ನಿನ್ನ ತಡಿಯೋಕೆ ಹಾಕ್ದೆ. ನೀನು ಮೊಂಡು ಕಣೋ. ಮೊದಲ ದಿನದಿಂದ್ಲೂ."

ಅವನು ಅವಳನ್ನೇ ನೋಡಿದ, ಆಮೇಲೆ ಜೋರಾಗಿ ನಕ್ಕ. "ಹೀಗೆ ಹೇಳು ಅಂತ ನಿನ್ನ ಮ್ಯಾನೇಜರ್ ಹೇಳ್ಕೊಟ್ನಾ? ಇಷ್ಟು ವರ್ಷ ನನ್ನ ದುಡ್ಡು ಒಳಗೆ ಹಾಕ್ಕೊಳ್ಳೋವಾಗ ನಿನಗೆ ತಮ್ಮನ ನೆನಪಾಗ್ಲಿಲ್ಲ. ಈಗ ಗೆಲ್ಲೋ ಹೊತ್ತಿಗೆ ಪ್ರೀತಿ ಉಕ್ಕಿ ಬಂತಾ?"

ನಾನು ಬಾಯಿಹಾಕಿದೆ. "ಅವಳು ಹೇಳ್ತಿರೋದು ನಿಜ ಕಣೋ, ನಾನು ಪಕ್ಕದಲ್ಲೇ ಇದ್ದೆ."

"ನೀನೂ ಅವರ ಸಂಬಳದೋನೇ ತಾನೇ ಡೆಸ್? ಊಟ ಮಾಡು."

"ಒಡಹುಟ್ಟಿದವನ ಏಳಿಗೆ ನೋಡಿ ಹೊಟ್ಟೆಕಿಚ್ಚು ಪಡಬಾರದಮ್ಮ," ಅಂದರು ತಾಯಿ ಮಗಳಿಗೆ. ಸೆವಸ್ತಿಯ ಕಣ್ಣಲ್ಲಿ ನೀರು ಬಂತು, ಅವರಿಬ್ಬರೂ ಅದನ್ನು ಗಮನಿಸಲಿಲ್ಲ.

ಆಮೇಲೆ ಅವನನ್ನು ಹಿಡಿಯುವವರೇ ಇಲ್ಲವಾದರು. ಗ್ರೀಕರ ಕ್ಲಬ್ಬಿನಲ್ಲಿ ಅವನ ಬಿಯರಿಗೆ ಬೇರೆಯವರು ದುಡ್ಡು ಕೊಡತೊಡಗಿದರು. ಚರ್ಚಿನ ಮೆಟ್ಟಿಲ ಮೇಲೆ ಅವನ ತಾಯಿ, ಕಂಪನಿಯವರು ನನ್ನ ಮಗನಿಗೆ ಹೆದರುತ್ತಾರೆ ಎಂದು ಎಲ್ಲರಿಗೂ ಹೇಳಿದರು. ಪಂಟೆಲಿಸ್ ಟೈಲ್ಸ್ ಕೆಲಸ ಬಿಟ್ಟ, ಸಾಮಾನು ಸಾಗಿಸುವ ಯೂಟ್ ಗಾಡಿಯನ್ನೂ ಟೈಲ್ಸ್ ಕತ್ತರಿಸುವ ಯಂತ್ರವನ್ನೂ ಮಾರಿದ, ಬೇರೆ ಬಾಜಿ ಕಂಪನಿಗಳಲ್ಲಿ ಖಾತೆ ತೆರೆದ. ಅವರೆಲ್ಲ ಎರಡು ಕೈ ಚಾಚಿ ಒಪ್ಪಿಕೊಂಡರು. ಅವರಿನ್ನೂ ನನ್ನನ್ನು ಗುರುತಿಸಿಲ್ಲ, ಪೆದ್ದರು, ಅಂದುಕೊಂಡ ಅವನು. ಸೆವಸ್ತಿ ಮಿತಿಯನ್ನು ತೆಗೆದುಬಿಡುತ್ತೇನೆ ಅಂತ ಒಮ್ಮೆ ಅಂದಳು. "ತೆಗೆದ್ರೆ ಕಂಪನಿ ಮಂಡಿಯೂರಿತು ಅಂತಾನೆ," ಅಂದೆ. ಅವಳು ತಲೆ ಹಿಡಿದು ಕೂತಳು. ಒಂದು ಸಲ ಹಾಕಿದ ಮೇಲೆ ಆ ಗುರುತು ನಮ್ಮ ಕೈಯಲ್ಲಿರಲಿಲ್ಲ.

ಒಂದು ಗುರುವಾರ ಅವಳ ತಾಯಿಯ ಫೋನ್ ಬಂತು. ಮಗ ಹೇಳಿದ ಕಡೆ ಸಹಿ ಹಾಕಿ ಬಂದಿದ್ದರಂತೆ, ಮನೆಯ ಮೇಲೆ ಸಾಲ ಕೊಡುವ ಒಬ್ಬ ಖಾಸಗಿ ಆಸಾಮಿಯ ಹತ್ತಿರ.

"ಅಮ್ಮಾ, ಅದು ಅಪ್ಪ ಕಟ್ಟಿದ ಮನೆ!"

"ಅಪ್ಪ ಕಟ್ಟಿದ್ದು ನಿನಗೊಬ್ಬಳಿಗೇ ಏನು?"

ಸೆವಸ್ತಿ ಆ ಸಂಜೆಯೇ ಓಡಿದಳು, ಕಾಲು ಹಿಡಿದಳು, ಕೂಗಾಡಿದಳು. ದುಡ್ಡು ಆಗಲೇ ಬಂದಾಗಿತ್ತು.

ಶನಿವಾರ ಮಧ್ಯಾಹ್ನ ಮೆಲ್ಬರ್ನ್‌ನ ಫುಟಿ, ಅಂದರೆ ಆಸ್ಟ್ರೇಲಿಯಾದವರ ಫುಟ್‌ಬಾಲ್ ಪಂದ್ಯ ಶುರುವಾಗುವ ಮೊದಲು ಸೆವಸ್ತಿಯ ಪರದೆಗೆ ಒಂದು ಬಾಜಿ ಬಂದು ನಿಂತಿತು. ನೀಲಿ ತಂಡ ನಲವತ್ತು ಅಂಕ ಅಥವಾ ಹೆಚ್ಚಿನ ಅಂತರದಿಂದ ಗೆಲ್ಲುತ್ತದೆ ಅಂತ. ಹೊಸ ಖಾತೆ. ಹೆಸರು ಕಲಿಯೋಪಿ. ಮೊತ್ತ ಆ ಮನೆಯ ಮೇಲೆ ತಂದ ಸಾಲದ ಅರ್ಧ.

ಸಿಡ್ನಿಯಿಂದ ಬಂದ ನಮ್ಮ ಮ್ಯಾನೇಜರ್ ಹಿಂದಿನಿಂದ ಬಗ್ಗಿ ನೋಡಿ ಸಿಳ್ಳೆ ಹಾಕಿದ. "ಅಜ್ಜಿ ಬಂದವ್ಳೆ! ಇಷ್ಟು ಮೊಂಡು ಸಿಗಲ್ಲ. ಮೇಲಿನವರ ಹತ್ರ ನಾನು ಮಾತಾಡ್ತೀನಿ, ಒಪ್ಕೊಂಬಿಡು." ಅಂದವನೇ ಕಾಫಿಗೆ ಹೋದ.

ಸೆವಸ್ತಿಯ ಬೆರಳು ಗುಂಡಿಗಳ ಮೇಲೆ ಗಾಳಿಯಲ್ಲಿ ನಿಂತಿತ್ತು. "ಹೇಳು ಡೆಸ್. ಕತ್ತರಿಸಿದ್ರೆ?"

"ಅಮ್ಮನ ಹೆಸರಲ್ಲಿ ಬಂದ್ರೂ ಪತ್ತೆಹಚ್ಚಿಬಿಟ್ರು ಅಂತಾನೆ. ಇನ್ನೂ ಕೊಬ್ಬುತ್ತಾನೆ. ಬೇರೆ ಕಂಪನಿಗೆ ಹೋಗಿ ಪೂರ್ತಿ ಕಟ್ತಾನೆ."

"ಒಪ್ಪಿದ್ರೆ?"

"ಅರ್ಧ ಮನೆ ಹೋಗುತ್ತೆ."

"ಅರ್ಧ ಹೋಗ್ಲಿ," ಅಂದಳು. "ನಮ್ಮ ಕೈಲೇ, ಅಮ್ಮನ ಕಣ್ಣೆದುರಿಗೇ ಸೋಲಲಿ. ಅವಳಿಗಾದ್ರೂ ಕಣ್ಣು ತೆರೆಯುತ್ತೆ. ಉಳಿದ ಅರ್ಧ ಅವನಿಂದ ಕಿತ್ಕೋತಾಳೆ." ಒಪ್ಪು ಒತ್ತಿದಳು.

ಪಂದ್ಯವನ್ನು ಇಬ್ಬರೂ ನೋಡಿದೆವು. ಕೆಲಸಕ್ಕೆ ಸೇರಿದಾಗಿನಿಂದ ಗಿರಾಕಿ ಸೋಲಲಿ ಎಂದು ಅವಳು ದೇವರನ್ನು ಬೇಡಿದ್ದು ಅದೇ ಮೊದಲು. ಎದೆಯ ಶಿಲುಬೆಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ನೀಲಿ ತಂಡ ಗೆಲ್ಲುವುದು ಬೇಗನೆ ಖಾತ್ರಿಯಾಯಿತು, ಆದರೆ ಅಂತರ ಮಾತ್ರ ಮೂವತ್ತರ ಆಚೀಚೆಯೇ ಉಯ್ಯಾಲೆಯಾಡಿತು. ಕೊನೆಯ ಸೈರನ್ ಕೂಗುವಾಗ ಅದು ಮೂವತ್ತೈದಕ್ಕೆ ನಿಂತಿತ್ತು. ಸೆವಸ್ತಿ ನನ್ನ ತೋಳನ್ನು ಹಿಡಿದುಕೊಂಡಳು.

ಆದರೆ ಸೈರನ್ ಕೂಗುವ ಮೊದಲೇ ನೀಲಿ ತಂಡದ ಒಬ್ಬ ಹುಡುಗ ಚೆಂಡು ಹಿಡಿದುಬಿಟ್ಟಿದ್ದ. ಹಾಗೆ ಹಿಡಿದವನಿಗೆ ಆಟ ಮುಗಿದರೂ ಒದೆಯುವ ಹಕ್ಕಿದೆ. ಆ ಒದೆತದಿಂದ ಮೈದಾನದಲ್ಲಿ ಯಾರಿಗೂ ಏನೂ ಆಗಬೇಕಿರಲಿಲ್ಲ. ಜನ ಎದ್ದು ಕಾರಿನ ಕಡೆ ಹೊರಟಿದ್ದರು, ಅವನ ತಂಡದವರೇ ಬೆನ್ನುಹಾಕಿ ಕೈಕುಲುಕುತ್ತಿದ್ದರು. ಹುಡುಗ ಸುಮ್ಮನೆ ಎರಡು ಹೆಜ್ಜೆ ಓಡಿ ಒದ್ದ. ಚೆಂಡು ಕಂಬಗಳ ಮಧ್ಯೆ ನೇರವಾಗಿ ತೂರಿಹೋಯಿತು. ಆರು ಅಂಕ, ಒಟ್ಟು ನಲವತ್ತೊಂದು.

ಸೆವಸ್ತಿ ನನ್ನ ತೋಳು ಬಿಟ್ಟಳು.

ಮ್ಯಾನೇಜರ್ ಬಂದು ಪರದೆ ನೋಡಿ ಮೂಗುಮುರಿದ. "ಅಜ್ಜಿಗೆ ಅದೃಷ್ಟ. ಇರ್ಲಿ ಬಿಡು, ಮೊಂಡು ಎಲ್ಲಿಗೆ ಹೋಗುತ್ತೆ? ಇನ್ನೂ ದೊಡ್ಡದು ಕಟ್ಲಿ, ಮಿತಿ ಏರಿಸು. ಒಂದು ಹೂಗುಚ್ಛ ಕಳ್ಸು."

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಮೇಜಿನ ಮೇಲಿಟ್ಟೇ ಎತ್ತಿದಳು, ಪಂಟೆಲಿಸ್‌ನ ಕೂಗು ನನಗೂ ಕೇಳಿಸಿತು. "ನೋಡಿದ್ಯಾ ಸೆವಿ? ಅಮ್ಮನ ಹೆಸರಲ್ಲಿ ಬಂದೆ, ನಿಮ್ಮೋರಿಗೆ ಗೊತ್ತೇ ಆಗ್ಲಿಲ್ಲ! ಮುಂದಿನ ಶನಿವಾರ ಗೆದ್ದದ್ದು, ಉಳಿದದ್ದು, ಎಲ್ಲಾ ಸೇರಿಸಿ ಒಂದೇ ಕಡೆ!"

ಆಮೇಲೆ ತಾಯಿ ಫೋನ್ ಕಿತ್ತುಕೊಂಡರು. ನಗುತ್ತಿದ್ದರು, ಅಳುತ್ತಲೂ ಇದ್ದರು. "ಸೆವಸ್ತಿ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಮಗಳೇ. ಈಗ್ಲಾದ್ರೂ ನಿನ್ನ ತಮ್ಮನ್ನ ನಂಬ್ತೀಯಾ?"

ಸೆವಸ್ತಿ ಮಿತಿ ಏರಿಸುವ ಕಿಟಕಿಯನ್ನು ತೆರೆದು ಕೂತಿದ್ದಳು. "ಹೂಂ ಅಮ್ಮಾ," ಅಂದಳು.