ಬಾದ್‌ಷಾನ ಒಂದು ನೆಗೆತ

"ನೆಗೆಸೇ! ಬಾದ್‌ಷಾನ ನೆಗೆಸೇ ರೂಬಿ!"

ಕಿಟಕಿಯ ಸರಳು ಹಿಡಿದು ಬಿಸ್ಮಿಲ್ಲಾ ಬೀ ಉರ್ದುವಿನಲ್ಲಿ ಕೂಗಿದ ಕೂಗಿಗೆ, ಚಿಕ್ಕಬಳ್ಳಾಪುರದ ಆ ಶಾಲೆಯ ಹಾಲಿನಲ್ಲಿ ಬೋರ್ಡುಗಳ ಮುಂದೆ ಕೂತಿದ್ದ ಹೆಣ್ಣುಮಕ್ಕಳೆಲ್ಲ ತಲೆ ಎತ್ತಿದರು. ಜಿಲ್ಲಾ ಚೆಸ್ ಪಂದ್ಯದ ಕೊನೆಯ ಸುತ್ತು ಅದು. ಇದೊಂದು ಆಟ ಉಳಿಸಿಕೊಂಡರೆ ಮೊಮ್ಮಗಳು ರೂಬಿ ರಾಜ್ಯಮಟ್ಟಕ್ಕೆ. ಮನೆಯವರು ಹೊರಗಿರಬೇಕು, ತುಟಿ ಪಿಟಕ್ಕೆನ್ನಬಾರದು ಎಂದು ಬೆಳಿಗ್ಗೆಯೇ ಮೈಕಿನಲ್ಲಿ ಹೇಳಿದ್ದರು, ನಿಜ. ಆದರೆ ಉಳಿಯುವ ಆಟ ಕಣ್ಣೆದುರಿಗೇ ಕೈಬಿಟ್ಟು ಹೋಗುತ್ತಿದ್ದರೆ ಯಾವ ಅಜ್ಜಿ ತಾನೇ ಸುಮ್ಮನಿರುತ್ತಾಳೆ!

ರೂಬಿಯ ರಾಜ ಮೂಲೆ ಸೇರಿದ್ದ. ಗೌರಿಬಿದನೂರಿನ ಹುಡುಗಿಯ ಎರಡು ಆನೆಗಳು ದಾರಿ ಕಟ್ಟಿದ್ದವು. ಆದರೆ ಇನ್ನೂ ಚೆಕ್ ಬಿದ್ದಿರಲಿಲ್ಲವಲ್ಲ! ಚೆಕ್ ಬೀಳುವ ಮುಂಚೆ ರಾಜ ಒಂದು ಸಲ, ಒಂದೇ ಒಂದು ಸಲ, ಕುದುರೆಯ ಹಾಗೆ ನೆಗೆಯಬಹುದು. ಶಿಡ್ಲಘಟ್ಟದಲ್ಲಿ ರೇಷ್ಮೆ ಒಲೆಯ ಪಕ್ಕ, ಗೂಡು ಬೇಯುವ ಹೊತ್ತಿನಲ್ಲಿ ಬಿಸ್ಮಿಲ್ಲಾ ಬೀಗೆ ಅವಳ ಅಪ್ಪ ಕಲಿಸಿದ್ದು ಹಾಗೆ. ಅದನ್ನೇ ಅವಳು ರೂಬಿಗೆ ಕಲಿಸಿದ್ದಳು.

ಅದಕ್ಕೇ ಅವಳಿಗೆ ವಿಶ್ವ ಚಾಂಪಿಯನ್ನರೆಂದರೆ ಅಷ್ಟಕ್ಕಷ್ಟೆ. ರೂಬಿ ಫೋನಿನಲ್ಲಿ ಓದಿ ಅವರ ಕಥೆಗಳನ್ನೆಲ್ಲ ಹೇಳುತ್ತಿದ್ದಳು. ಇಪ್ಪತ್ತೇಳು ವರ್ಷ ಪಟ್ಟ ಬಿಡದವನೊಬ್ಬ, ಪಟ್ಟದಲ್ಲಿರುವಾಗಲೇ ಪರದೇಶದ ಹೋಟೆಲಿನಲ್ಲಿ ಸತ್ತವನೊಬ್ಬ, ಆಡಲು ಬರುವುದಿಲ್ಲ ಎಂದು ಹಟ ಹಿಡಿದು ಪಟ್ಟ ಕಳೆದುಕೊಂಡವನೊಬ್ಬ. "ಇಪ್ಪತ್ತೇಳು ವರ್ಷದಲ್ಲಿ ಒಂದು ಸಲಾನೂ ಬಾದ್‌ಷಾನ ನೆಗೆಸಲಿಲ್ವಾ? ಥೂ, ಹೇಡಿಗಳು!" ಎನ್ನುತ್ತಿದ್ದಳು ಬಿಸ್ಮಿಲ್ಲಾ ಬೀ. ಹಿಂದಿನ ಡಿಸೆಂಬರಿನಲ್ಲಿ ಸಿಂಗಪುರದ ಕೊನೆಯ ಆಟದಲ್ಲಿ ಚೀನಾದ ಚಾಂಪಿಯನ್ ಆನೆಯನ್ನು ತಪ್ಪು ಮನೆಗೆ ಇಟ್ಟು, ಚೆನ್ನೈ ಹುಡುಗ ಗೆದ್ದು ಅತ್ತಾಗ ರೂಬಿಯೂ ಅತ್ತಳು. ಅಜ್ಜಿ ಮಾತ್ರ, "ನೆಗೆಸಿದ್ರೆ ಉಳ್ಕೊಳ್ತಿದ್ದ ಚೀನಾದವನು, ದಡ್ಡ" ಎಂದಳು. "ಹೂಂ ದಾದಿ, ಮರೆತುಬಿಟ್ಟ ಅನ್ಸುತ್ತೆ" ಎಂದಿದ್ದಳು ರೂಬಿ.

ಎದುರಾಳಿ ಹುಡುಗಿಯ ಅಪ್ಪ ಎರ್ರಪ್ಪ ಪಕ್ಕದ ಕಿಟಕಿಯಿಂದ ಕಿರುಚಿದ. "ಸಾರ್, ಹಿಂಟ್ ಕೊಡ್ತಾವ್ರೆ! ಇದೇಮಿ ಸಾರ್ ಇದು?"

ತೀರ್ಪುಗಾರ ಚಲಪತಿ ಗಡಿಯಾರ ನಿಲ್ಲಿಸಿದರು. "ಏನಮ್ಮ ಅಂದ್ರು ನಿಮ್ಮಜ್ಜಿ?"

ರೂಬಿ ಬೋರ್ಡು ನೋಡುತ್ತಲೇ ಹೇಳಿದಳು. "ರಾಜನ್ನ ಕುದುರೆ ಥರ ನೆಗೆಸು ಅಂದ್ರು ಸಾರ್."

ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಚಲಪತಿಗೂ ನಗು ತಡೆಯಲಾಗಲಿಲ್ಲ. "ಅಂಥ ರೂಲೇ ಇಲ್ವಲ್ಲಮ್ಮ! ಎಲ್ಲೂ ಇಲ್ಲ. ಇದು ಹಿಂಟ್ ಹೆಂಗಾಗುತ್ತೆ ಎರ್ರಪ್ಪನೋರೆ? ಇನ್ನೊಂದ್ಸಲ ಕೂಗ್ಬೇಡಿ ಅಮ್ಮಾ. ಆಡಿ, ಆಡಿ."

"ನಮ್ಮ ತಾತನೂ ಹಂಗೇ ಆಡ್ತಿದ್ದ" ಎಂದ ಎರ್ರಪ್ಪ, ಈಗ ತಣ್ಣಗಾಗಿ. "ಹಳೇ ಕಾಲದ್ದು ಬಿಡಿ."

ಬಿಸ್ಮಿಲ್ಲಾ ಬೀ ಸರಳಿಗೆ ಮುಖ ಒತ್ತಿದಳು. ಇಲ್ಲವೇ? ಎಲ್ಲೂ ಇಲ್ಲವೇ? ಈ ತೀರ್ಪುಗಾರನಿಗೆ ಬುದ್ಧಿ ಹೇಳೇ ಎಂಬಂತೆ ಅವಳು ರೂಬಿಯನ್ನು ನೋಡಿದಳು. ರೂಬಿ ತಲೆ ಎತ್ತಲಿಲ್ಲ. ಅವಳ ಮುಖದಲ್ಲಿ ಒಂದು ಚೂರೂ ಆಶ್ಚರ್ಯವಿರಲಿಲ್ಲ. ಯಾ ಅಲ್ಲಾ, ಇವಳಿಗೆ ಗೊತ್ತಿತ್ತು! ಒಳಗೆ ರೂಬಿ ಇನ್ನು ನಾಲ್ಕಾರು ನಡೆ ಆಡಿ, ಗೌರಿಬಿದನೂರಿನ ಹುಡುಗಿಯ ಕೈ ಕುಲುಕಿ ಎದ್ದು ಬಂದಳು. ಸೋತಿದ್ದಳು.

ಶಿಡ್ಲಘಟ್ಟದ ಬಸ್ಸಿನಲ್ಲಿ ಕೂತ ಮೇಲೆ ಬಿಸ್ಮಿಲ್ಲಾ ಬೀ ಕೇಳಿದಳು.

"ನನ್ನ ಕೂಗಿಗೇ ಸೋತೆಯಾ?"

"ಇಲ್ಲ ದಾದಿ. ಮೊದಲೇ ಹೋಗಿತ್ತು ಆಟ."

"ನೆಗೆಯೋ ಹಂಗಿಲ್ಲ ಅಂತ ಯಾವಾಗ ಗೊತ್ತಾಯ್ತು ನಿಂಗೆ?"

"ಆರನೇ ಕ್ಲಾಸಲ್ಲಿ."

"ಆರನೇ ಕ್ಲಾಸಾ!" ಮುಂದಿನ ಸೀಟಿನವರು ತಿರುಗಿ ನೋಡಿದರು. "ಅಲ್ವೇ, ಪಿಯುಸಿಗೆ ಬಂದೆಯಲ್ಲೇ ಈಗ! ದಿನಾ ನೆಗೆಸಿ ನೆಗೆಸಿ ಗೆದ್ದೆನಲ್ಲೇ ನಾನು! ಆ ದೊಡ್ಡ ದೊಡ್ಡ ಚಾಂಪಿಯನ್ನರನ್ನೆಲ್ಲ ಹೇಡಿಗಳು ಅಂದೆ, ಕೂತು ಹೂಂಗುಟ್ಟಿದೆಯಲ್ಲೇ! ಮುದುಕಿ ಪಾಪ ಅಂತ ಕನಿಕರವಾ?"

ರೂಬಿಗೆ ಸೋತಾಗ ಬಾರದ ಅಳು ಈಗ ಬಂತು. "ಹೇಳಿದ್ರೆ ನೀವು ನನ್ನ ಜೊತೆ ಆಡೋದೇ ಬಿಟ್ಬಿಡ್ತೀರಿ ಅಂತ."

ಬಿಸ್ಮಿಲ್ಲಾ ಬೀಗೆ ಸಿಟ್ಟು ಬಂತು, ನಾಚಿಕೆಯಾಯಿತು, ಹುಡುಗಿಯನ್ನು ಎದೆಗೆ ಒತ್ತಿಕೊಳ್ಳಬೇಕೆನಿಸಿತು. ಆಮೇಲೆ ದುಪಟ್ಟಾದ ಅಂಚಿನಿಂದ ಅವಳ ಮೂಗು ಒರೆಸಿ ಕೇಳಿದಳು. "ನಾನು ಕಲಿಸಿದ್ದರಲ್ಲಿ ಇನ್ನೇನೇನು ತಪ್ಪಿದೆ? ಇವತ್ತೇ ಹೇಳ್ಬಿಡು."

ರೂಬಿ ಅನುಮಾನಿಸಿದಳು. "ಪ್ಯಾದೆ ಕೊನೇ ಮನೆಗೆ ಹೋದಾಗ..."

"ಪ್ಯಾದೇನೂ? ಕಾಲಾಳಿನ ಆಟಾನೂ ತಪ್ಪಾ?" ಬಿಸ್ಮಿಲ್ಲಾ ಬೀಯ ಕೈ ತಾನಾಗಿಯೇ ಹೋಗಿ ಹುಡುಗಿಯ ಬಾಯಿ ಮುಚ್ಚಿತು. ಕಿಟಕಿಯಾಚೆ ಹಿಪ್ಪುನೇರಳೆ ತೋಟಗಳು ಒಂದರ ಹಿಂದೊಂದು ಸರಿದುಹೋದವು. ಊರಿನ ಮೊದಲ ದೀಪಗಳು ಕಾಣಿಸಿದ ಮೇಲೆ ಅವಳು ಕೈಯನ್ನು ಮೆಲ್ಲಗೆ ತೆಗೆದಳು.