ತೂಕಕ್ಕೆ ಸೇರಿಸದ ಬಾಯ್ಲರ್

ನಮ್ಮದಲ್ಲದ ವಸ್ತು ನಮ್ಮ ತೂಕದಲ್ಲಿ ಸೇರಕೂಡದು. ಇಫ್ತಿಕಾರನ ವರ್ಕ್‌ಶಾಪಿನಲ್ಲಿ ಈ ನಿಯಮ ಮಾಡಿದವನು ನಾನು. ಚಳ್ಳಕೆರೆಯ ಶಾಲೆಯಲ್ಲಿ ಅವನಿಗೆ ಗಣಿತ ಕಲಿಸಿದ್ದೆ. ನಿವೃತ್ತನಾದ ಮೇಲೆ, ಅವನ ಅಣ್ಣನ ಮಗಳು ಸಾನಿಯಾ ಕಂಪ್ಯೂಟರಿನಲ್ಲಿ ಬರೆಯುವ ನಕ್ಷೆಗಳ ಲೆಕ್ಕ ನೋಡಿ ಸಹಿ ಹಾಕುತ್ತಿದ್ದೆ.

ಮೊಳಕಾಲ್ಮೂರಿನ ಕಮಲಾಕ್ಷಮ್ಮನವರದು ರೇಷ್ಮೆ ನೂಲಿಗೆ ಬಣ್ಣ ಹಾಕಿಸುವ ಕಸುಬು. ಅವರ ಬಾಯ್ಲರನ್ನು ಮಹಡಿಯ ಮೇಲೆ ನಿಲ್ಲಿಸಲು ಕಬ್ಬಿಣದ ಸ್ಟ್ಯಾಂಡ್ ಬೇಕಿತ್ತು. ಬಾಯ್ಲರ್ ಸ್ಟ್ಯಾಂಡಿಗೆ ಸರಿಯಾಗಿ ಕೂರುವುದೇ ಎಂದು ನೋಡಲು ಸಾನಿಯಾ ಅದನ್ನೂ ನಕ್ಷೆಯಲ್ಲಿ ಇಟ್ಟಿದ್ದಳು. ಇಂಥ ಭಾಗವನ್ನು ರೆಫರೆನ್ಸ್ ಎಂದು ಗುರುತಿಸಿದರೆ ಅದು ಪರದೆಯ ಮೇಲೆ ಕಾಣುತ್ತದೆ, ತೂಕಕ್ಕೆ ಸೇರುವುದಿಲ್ಲ. ನನ್ನ ನಿಯಮದಂತೆ ಅವಳು ಹಾಗೆಯೇ ಗುರುತಿಸಿದಳು. ಒಟ್ಟು ತೂಕ ಆರುನೂರ ಹತ್ತು ಕೆ.ಜಿ. ಎಂದು ಬಂತು. ಕಬ್ಬಿಣ ಕೊಳ್ಳುವುದಕ್ಕೆ ಆ ಅಂಕಿ ಸರಿಯಾಗಿತ್ತು. ಸಹಿ ಹಾಕಿದೆ.

ಸ್ಟ್ಯಾಂಡ್ ಏರಿಸುವ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮೊಳಕಾಲ್ಮೂರಿನಿಂದ ಇಫ್ತಿಕಾರ್ ವರ್ಕ್‌ಶಾಪಿನಲ್ಲಿದ್ದ ನಮ್ಮಿಬ್ಬರಿಗೆ ಒಂದು ಫೋಟೊ ಕಳಿಸಿದ. ಜೊತೆಗೆ ಎರಡು ಸಾಲು: ಬಾಯ್ಲರನ್ನು ಕೆಳಗೇ ಸ್ಟ್ಯಾಂಡಿಗೆ ಬೋಲ್ಟ್ ಹಾಕಿದ್ದೇನೆ. ಒಂದೇ ಸಲಕ್ಕೆ ಮೇಲೆ ಹೋಗುತ್ತದೆ.

ಸಾನಿಯಾ ನಕ್ಕಳು. "ಚಾಚಾಗೆ ಎರಡು ಸಲ ಎಳೆಯೋಕೆ ಸೋಮಾರಿತನ, ಮೇಷ್ಟ್ರೇ."

"ಬಾಯ್ಲರಿನ ತೂಕವೆಷ್ಟು?"

ಅವಳು ನೋಡಿದಳು. ನಗು ನಿಂತಿತು. "ಸಾವಿರದ ನೂರ ಎಂಬತ್ತು."

ಕೂಡಿದರೆ ಸಾವಿರದ ಏಳುನೂರ ತೊಂಬತ್ತು. ಇಫ್ತಿಕಾರ್ ಒಯ್ದಿದ್ದ, ಸರಪಳಿ ಎಳೆದು ಭಾರ ಎತ್ತುವ ಚೈನ್ ಪುಲ್ಲಿ ಒಂದು ಟನ್ನಿನದು, ಅದೂ ಹಳೆಯದು. ನಕ್ಷೆಯಲ್ಲಿ ಕಾಣುವ ಬಾಯ್ಲರ್ ಕಾಗದದ ಆರುನೂರ ಹತ್ತರಲ್ಲಿ ಸೇರಿದೆ ಎಂದು ಅವನು ತಿಳಿದಿರಬೇಕು.

ಅವನ ಫೋನ್ ರಿಂಗಾಗುತ್ತಲೇ ಇತ್ತು. ಭಾರ ಎತ್ತುವಾಗ ಅವನು ಫೋನನ್ನು ಗಾಡಿಯಲ್ಲಿ ಬಿಡುತ್ತಾನೆ. ಸ್ಪೀಕರ್ ಹಾಕಿ ಕಮಲಾಕ್ಷಮ್ಮನವರಿಗೆ ಮಾಡಿದೆ. ಅವರು ಮನೆಯಲ್ಲಿದ್ದರು, ಸ್ಟ್ಯಾಂಡ್ ಏರಿಸುತ್ತಿದ್ದ ಬಣ್ಣದ ಮನೆ ಒಂದು ಬೀದಿಯಾಚೆ.

"ಏನ್ ಮೇಷ್ಟ್ರೇ, ಅಪರೂಪಕ್ಕೆ ನಾನು ನೆನಪಾದ್ನಾ?"

"ಫೋನ್ ಹಿಡಿದುಕೊಂಡೇ ಬಣ್ಣದ ಮನೆಗೆ ನಡೆಯಿರಿ. ಭಾರದ ಕೆಳಗೆ ಯಾರೂ ನಿಲ್ಲಬಾರದೆಂದು ಹೇಳಿ. ಬೇಗ."

"ನಡೀತೀನಿ, ನಡೀತೀನಿ. ನನ್ನ ಮೊಣಕಾಲು ನಿಮ್ಮ ಶಾಲೆ ಹುಡುಗನಲ್ಲ, ಗದರಿಸಿದ್ರೆ ಓಡೋಕೆ."

ಚಪ್ಪಲಿ ಎಳೆಯುವ ಸದ್ದು. ಮಗ್ಗದ ಸದ್ದು ಹತ್ತಿರ ಬಂದು ಹಿಂದೆ ಸರಿಯಿತು. ಯಾರೋ ತೆಲುಗಿನಲ್ಲಿ ಮಾತನಾಡಿಸಿದರು. ಚಪ್ಪಲಿ ನಿಂತಿತು. "ತರ್ವಾತ ವಸ್ತಾನಮ್ಮಾ," ಆಮೇಲೆ ಬರುತ್ತೇನೆ, ಎಂದರು ಕಮಲಾಕ್ಷಮ್ಮ.

"ನಿಲ್ಲಬೇಡಿ!" ಎಂದು ಕೂಗಿದೆ. ಸಾನಿಯಾ ನನ್ನ ತೋಳು ಹಿಡಿದಿದ್ದಳು. ಅವಳ ಉಗುರು ಚುಚ್ಚುತ್ತಿತ್ತು.

ಆಮೇಲೆ ಸರಪಳಿಯ ಸದ್ದು ಕೇಳಿಸಿತು. ಟಕ್, ಟಕ್, ಟಕ್.

"ಲೇ ಇಫ್ತಿಕಾರಾ, ಮೇಷ್ಟ್ರು ಕರೀತಾರೆ, ಬಾರೋ!"

"ಸಲಾಂ ಮೇಷ್ಟ್ರೇ. ಆಳೆತ್ತರಕ್ಕಿಂತ ಮೇಲೆ ಹೋಗೈತೆ. ಇನ್ನು ಹತ್ತು ನಿಮಿಷ, ಮುಗೀತು."

"ಕಾಗದದ ತೂಕದಲ್ಲಿ ಬಾಯ್ಲರ್ ಸೇರಿಲ್ಲ."

ಅವನು ಯಾರಿಗೋ ನಿಲ್ಲಿಸೆಂದು ಕೂಗಿದ.

"ಪುಲ್ಲಿಯ ಕೊಕ್ಕೆಯನ್ನು ನೋಡು," ಎಂದೆ.

"ಬಾಯಿ ಅಗಲ ಆಗೈತೆ." ಧ್ವನಿ ಬಹಳ ಸಣ್ಣದಾಗಿತ್ತು. "ಮೆಲ್ಲಗೆ ಇಳಿಸ್ಲಾ? ನನ್ನ ಜೊತೆ ಎಳೆಯೋಕೆ ಚಿತ್ತಪ್ಪ ಇದಾನೆ."

"ಬೇಡ. ಸರಪಳಿ ಮುಟ್ಟಬೇಡಿ. ಎಲ್ಲರೂ ಹೊರಗೆ ಬನ್ನಿ."

"ಹಾಗೇ ಬಿಟ್ಟು ಬಂದ್ರೆ ಅಮ್ಮನ ಬಾಯ್ಲರ್..."

"ಹೊರಗೆ ಬಾರೋ!"

"ಚಿತ್ತಪ್ಪಾ, ಬಿಡ್ಲೇ! ಬಾ!" ಎಂದು ಅವನು ಕೂಗಿದ್ದು ಕೇಳಿಸಿತು. ಕಾಲುಗಳು ಓಡಿದವು. ಬಳಿಕ ಒಂದು ಸದ್ದು. ಅದನ್ನು ನಾನು ವರ್ಣಿಸಲಾರೆ. ಕಮಲಾಕ್ಷಮ್ಮ ಚೀರಿದರು, ಫೋನ್ ನೆಲಕ್ಕೆ ಬಿತ್ತು. ಆಮೇಲೆ ಏನೂ ಕೇಳಿಸಲಿಲ್ಲ.

"ಚಾಚಾ!" ಎಂದಳು ಸಾನಿಯಾ, ನನ್ನ ಕೈಯಿಂದ ಫೋನ್ ಕಸಿದುಕೊಂಡು. "ಚಾಚಾ! ಚಾಚಾ!"

ಲೆಕ್ಕವೇ ನನ್ನ ಬದುಕಾಗಿತ್ತು. ಎಷ್ಟು ಹೊತ್ತು ಕಳೆಯಿತೆಂದು ಈಗಲೂ ಹೇಳಲಾರೆ.

ಯಾರೋ ಕೆಮ್ಮಿದರು. "ಇದೀನಿ, ಬೇಟಿ. ಚಿತ್ತಪ್ಪನೂ ಇದಾನೆ. ಅಮ್ಮನೋರಿಗೆ ನೀರು ಕೊಡ್ತಾ ಇದಾನೆ. ಬಾಯ್ಲರ್ ಹೋಯ್ತು."

ಸಾನಿಯಾ ನೆಲದ ಮೇಲೆ ಕುಳಿತು ಅತ್ತಳು. ಫೋನನ್ನು ನಾನು ತೆಗೆದುಕೊಂಡೆ.

"ಒಟ್ಟು ಎಷ್ಟಿತ್ತು ಮೇಷ್ಟ್ರೇ?"

ಹೇಳಿದೆ.

ಅವನು ಬೈಯಲಿಲ್ಲ. ಬೈದಿದ್ದರೆ ಸಹಿಸಬಹುದಿತ್ತು. "ಮೊದಲನೇ ಎಳೆತಕ್ಕೇ ಕೈಗೆ ಭಾರ ಅನ್ನಿಸ್ತು ಮೇಷ್ಟ್ರೇ," ಎಂದ. "ಕಾಗದದಾಗೆ ನಿಮ್ಮ ಸಹಿ ನೋಡಿ ಸುಮ್ಮನಾದೆ."