ಸಾಲುಮನೆಯ ಸೋಮವಾರ

"ನಿಲ್ರಿ ನನ್ನಪ್ಪಾ, ಅಲ್ಲೇ ನಿಲ್ರಿ," ಎನ್ನುತ್ತ ಬಾಡಿಗೆ ಮನೆಯ ಮುದುಕಿ ನಾಗಲಿಂಗಮ್ಮ ತುಂಬಿದ ಚೊಂಬು ಹಿಡಿದು ಬಂದಳು. ಹೊಸ್ತಿಲ ಹೊರಗೆ ನಿಂತವನು ಮನೆ ಕೊಳ್ಳಲು ಬಂದ ಕೂಡ್ಲಿಗಿಯ ಶೇಂಗಾ ವ್ಯಾಪಾರಿ ಹಾಲೇಶಪ್ಪ. ಹಣೆ ತುಂಬ ವಿಭೂತಿ, ಹೆಗಲಿಗೆ ಬಟ್ಟೆಚೀಲ, ಸೋಮವಾರ ಬೇರೆ. ಪೊರೆ ಬಂದ ಕಣ್ಣಿಗೆ ಸೋಮವಾರದ ಭಿಕ್ಷೆಗೆ ಬರುವ ಜಂಗಮ ಅಯ್ಯನವರಂತೆ ಕಂಡರೆ ಅವಳದೇನು ತಪ್ಪು?

ಅವನನ್ನು ಕರೆತಂದವಳು ಪಕ್ಕದಲ್ಲೇ ನಿಂತಿದ್ದ ಮನೆಯೊಡತಿ ಗಂಗಾಂಬಿಕಾ. ಕೊಟ್ಟೂರಿನ ಈ ಐದು ಬಾಡಿಗೆ ಮನೆಗಳ ಸಾಲು ಗಂಡನಿಂದ ಅವಳಿಗೆ ಉಳಿದದ್ದು. ಮೈದುನಂದಿರು ಪಾಲು ಕೇಳುತ್ತಿದ್ದರು. ಅದಕ್ಕೇ ಮಾರಲು ಹೊರಟು, ಬಾಡಿಗೆಯವರನ್ನೆಲ್ಲ ಬಿಡಿಸಿಯೇ ಕೊಡುತ್ತೇನೆಂದು ಹಾಲೇಶಪ್ಪನಿಗೆ ಮಾತು ಕೊಟ್ಟು ತಿಂಗಳಾಗಿತ್ತು. ಅದನ್ನು ಇವರಿಗೆ ಹೇಳಲೆಂದೇ ದಿನಾ ಬರುವಳು. ಕಟ್ಟೆಗೆ ಕೂತು ಎಲೆಯಡಿಕೆ ಮೆದ್ದು, ಇವರ ಬಸಿರು ಬಾಣಂತನ ಕೇಳಿ, ಹೇಳದೆ ಎದ್ದು ಹೋಗುವಳು.

ಪಾದಕ್ಕೆ ನೀರು ಬಿತ್ತು. ಹಾಲೇಶಪ್ಪ ಕಾಲು ಹಿಂದೆಗೆಯಲಿಲ್ಲ. ಮುದುಕಿಯ ಒರಟು ಕೈ ಬೆರಳ ಸಂದಿಯ ಕೆಂಪು ಮಣ್ಣನ್ನು ಹುಡುಕಿ ಹುಡುಕಿ ತೊಳೆಯುತ್ತಿದ್ದರೆ ಅವನ ಕಣ್ಣು ತಾನಾಗಿ ಮುಚ್ಚಿತು. ಗಂಗಾಂಬಿಕಾಳಿಗೆ ಓಣಿ ತುದಿಯ ಎಸ್‌ಟಿಡಿ ಬೂತಿನ ರೇಡಿಯೊ ಕೂಡ ಬಾವಿಯ ತಳದಿಂದ ಹಾಡಿದಂತೆ ಕೇಳಿಸಿತು.

ಆಮೇಲೆ ಮೊರದಲ್ಲಿ ಜೋಳ ಬಂತು. "ಜೋಳಿಗಿ ಹಿಡೀರಿ ಸ್ವಾಮಿ."

ಹಾಲೇಶಪ್ಪ ಗಂಗಾಂಬಿಕಾಳ ಕಡೆ ತಿರುಗಿದ. "ಅಕ್ಕಾರ, ಇವರಿಗಿನ್ನೂ ಹೇಳಿಲ್ಲೇನು?"

"ನಾಗಲಿಂಗವ್ವಾ," ಗಂಗಾಂಬಿಕಾ ಕಡೆಗೂ ಅಂದಳು, "ಇವರು ಅಯ್ಯನೋರಲ್ಲ. ಮನಿ ಕೊಳ್ಳಾಕ ಬಂದಾರ. ನಿಮ್ಮನ್ನ ಬಿಡಿಸಿ ಕೊಡ್ತೀನಂತ ನಾನೇ ಹೇಳೀನಿ."

ಪಕ್ಕದ ಮನೆಯ ಹಂಪಕ್ಕ ಕಟ್ಟೆಯಿಂದಲೇ ಚುಚ್ಚಿದಳು: "ತಿಂಗ್ಳಿಂದ ನಮ್ಮ ಎಲಿ ಮೆಲ್ಲಾಕತ್ತೀರಿ. ಇದನ್ನ ಹೊಟ್ಟ್ಯಾಗ ಇಟ್ಕಂಡೇ ಮೆದ್ರೇನು ಅಮ್ಮಾರ?"

"ಸುಮ್ಕಿರಲೇ ಹಂಪಿ," ಎಂದಳು ಮುದುಕಿ. ಮೊರವನ್ನು ಹಾಲೇಶಪ್ಪನ ಮುಂದೆ ಚಾಚಿದಳು. "ಅಯ್ಯನೋರಲ್ಲದಿದ್ರ ಕಾಲಿನ ಧೂಳೇನು ಸುಳ್ಳಾ? ಭಿಕ್ಷಾಕಂತ ಮೊರಕ್ಕ ತುಂಬಿದ್ದು ಹೊಳ್ಳಿ ಗಡಿಗ್ಯಾಗ ಸುರಿಯಂಗಿಲ್ಲ. ಹಿಡಿಯಪಾ."

ಹಾಲೇಶಪ್ಪ ಚೀಲ ಕೊಡವಿ ಬಾಯಗಲಿಸಿ ಹಿಡಿದ. ಹೊಸ್ತಿಲಿಗೆ ಉದುರಿದ ನಾಲ್ಕು ಕಾಳನ್ನೂ ಬಗ್ಗಿ ಆರಿಸಿಕೊಂಡ. ಹಾಗೇ ತಲೆಯೆತ್ತಿದವನು ಒಳಗಿನ ಜಂತೆಯ ಕಪ್ಪು ಕಲೆಗಳನ್ನು ನೋಡುತ್ತ ನಿಂತ.

"ಮಳಿ ಬಂದ್ರ ಸೋರತೈತೇನಬೇ?"

"ಸೋರಲಾರದ ಜಾಗ ಕೇಳು, ಹೇಳ್ತೀನಿ."

"ಮಳಿಗಾಲದೊಳಗ ನಿನ್ನ ಮಾಳಿಗಿ ಮ್ಯಾಲ ಮಣ್ಣು ಹಾಕಸ್ಬೇಕು. ಎಲ್ಲೆಲ್ಲಿ ಅಂತ ತೋರಸು ಬಾ."

ಇಬ್ಬರೂ ಒಳಗಿನ ನಸುಗತ್ತಲೆಗೆ ಹೋದರು. ಗಂಗಾಂಬಿಕಾ ಬಿಸಿಲಲ್ಲೇ ನಿಂತಳು. ಹಂಪಕ್ಕ ಅವಳ ಕಡೆ ನೋಡಲಿಲ್ಲ; ಕಟ್ಟೆಯ ಮೇಲೆ ತುಸು ಸರಿದು ಕೂತಳು, ಒಬ್ಬರು ಕೂರುವಷ್ಟು.